ಬಸ್ಸಿನ ಬೋರ್ಡಿನ ರಕಾರ

ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ. ದುರ್ಗದ ಸೀಮೆಯ ಬಸ್ಸುಗಳ ಹಣೆಯ ಮೇಲೆ ದಿನವೂ ಓಡಾಡುವ ಈ ನಾಲ್ಕು ಹೆಸರುಗಳನ್ನು ಇದೇ ಸರದಿಯಲ್ಲಿ ಇಟ್ಟು ನೋಡಿದರೆ, ಕನ್ನಡ ಓದಲು ಕಲಿಯುವ ಮಗುವಿನ ಪಾಡು ಅರ್ಥವಾಗುತ್ತದೆ. ಹಿರಿಯೂರು ಸುಲಭ, ಒತ್ತಕ್ಷರವಿಲ್ಲ, ಗುಡಿಸು ಕೊಂಬು ಗೊತ್ತಿದ್ದರೆ ಆಯಿತು. ಹೊಳಲ್ಕೆರೆಯಲ್ಲಿ ಒಂದು ಮೋಸವಿದೆ: ಎತ್ವ ಕೂತಿರುವುದು ಲಕಾರದ ತಲೆಯ ಮೇಲೆ, ಆದರೆ ಅದರ ದನಿ ಹೊರಡುವುದು ಕೆಳಗಿನ ಕಕಾರದ ಒತ್ತಿನಿಂದ. ಹೊಸದುರ್ಗದಲ್ಲಿ ಬಾಯಿ ಮೊದಲು ರ್ ಎಂದು ಆಮೇಲೆ ಗ ಎನ್ನುತ್ತದೆ, ಕಣ್ಣಿಗೆ ಮೊದಲು ಕಾಣುವುದು ಗ, ಅದರ ಬೆನ್ನಿಗೆ ಅರ್ಕಾವತ್ತು. ಚಿತ್ರದುರ್ಗದಲ್ಲಂತೂ ರಕಾರಕ್ಕೆ ಎರಡು ವೇಷ. ತಕಾರದ ಕೆಳಗೊಂದು, ಗಕಾರದ ಪಕ್ಕದಲ್ಲೊಂದು. ನಾಲ್ಕೂ ಊರಿನಲ್ಲಿ ರ ಇದೆ. ಆದರೆ ವರ್ಣಮಾಲೆಯ ಚಾರ್ಟಿನಲ್ಲಿ ರ ಕಲಿತ ಮಗುವಿಗೆ, ಆ ಚಾರ್ಟಿನಲ್ಲಿ ಕಂಡ ರೂಪದಲ್ಲೇ ಅದು ಒಂದು ಊರಿನಲ್ಲೂ ಸಿಗುವುದಿಲ್ಲ.

ಮನೆಯಲ್ಲಿ ಓದು ಕಲಿಸುವುದೆಂದರೆ ಇವತ್ತಿಗೂ ಗೋಡೆಗೆ ಆ ಚಾರ್ಟು ಹೊಡೆದು ಅ ಇಂದ ಳ ತನಕ ಬಾಯಿಪಾಠ ಮಾಡಿಸುವುದೇ. ವರ್ಣಮಾಲೆಯ 49 ಅಕ್ಷರಗಳ ಜೋಡಣೆ ಬಹಳ ದೊಡ್ಡ ಬುದ್ಧಿಯ ಕೆಲಸ ಎನ್ನುವುದರಲ್ಲಿ ಅನುಮಾನವಿಲ್ಲ. ಕ ವರ್ಗ ಗಂಟಲ ಬಳಿ ಹುಟ್ಟಿದರೆ ಪ ವರ್ಗ ತುಟಿಗೆ ಬಂದು ಮುಗಿಯುತ್ತದೆ; ದನಿ ಹುಟ್ಟುವ ಜಾಗದ ಪ್ರಕಾರ ಹಾಕಿದ ಸಾಲು ಅದು. ಆದರೆ ದನಿಗಳನ್ನು ವಿಂಗಡಿಸಲು ಹಾಕಿದ ಸಾಲನ್ನೇ ಓದು ಕಲಿಯುವ ಸಾಲೂ ಮಾಡಿಕೊಂಡಿದ್ದೇವೆ. ಆನೆ, ಇಲಿ ಎಂದು ಹುಮ್ಮಸ್ಸಿನಿಂದ ಹೊರಟ ಚಾರ್ಟು ಣ ಹತ್ತಿರ ಬಂದು ತಡವರಿಸಿ ಬಾಣದ ಚಿತ್ರ ಹಾಕುತ್ತದೆ, ಯಾಕೆಂದರೆ ಣ ಇಂದ ಶುರುವಾಗುವ ಕನ್ನಡ ಪದವಿಲ್ಲ. ಙ, ಞ ಗಳನ್ನು ಮಗು ಚಾರ್ಟು ಬಿಟ್ಟು ಬೇರೆಲ್ಲಿಯೂ ನೋಡುವುದೇ ಅಪರೂಪ. ಸರ್ಕಾರಿ ಶಾಲೆಗಳ ನಲಿ-ಕಲಿ ಈ ಸಾಲನ್ನು ಮುರಿಯಿತು. ಆಂಧ್ರದ ಋಷಿವ್ಯಾಲಿ ಶಾಲೆಯ ಪ್ರಯೋಗ ನೋಡಿ ಬಂದವರು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರು ಮಾಡಿದ ಪದ್ಧತಿ ಅದು. 2009ರ ಹೊತ್ತಿಗೆ ಇಡೀ ರಾಜ್ಯಕ್ಕೆ ಹಬ್ಬಿತು. ಅಲ್ಲಿ ಮೊದಲು ಬರುವುದು ರ ಗ ಸ ದ ಅ. ಐದೇ ಅಕ್ಷರ, ಆದರೆ ಸರ, ರಸ, ಅರಸ, ಅಗಸ, ಗರಗಸ ಇಷ್ಟನ್ನೂ ಮಗು ಅಷ್ಟರಲ್ಲೇ ಓದಿಬಿಡುತ್ತದೆ. ಓದಿದ್ದಕ್ಕೆ ಅರ್ಥ ಸಿಕ್ಕಿತೆಂಬ ಸುಖ 49 ಅಕ್ಷರ ಮುಗಿಯುವ ತನಕ ಕಾಯುವುದಿಲ್ಲ.

ಹಾಗಾದರೆ ಪಟ್ಟಣದ ಎಲ್‌ಕೆಜಿಗಳಲ್ಲಿ ದನಿ ದನಿ ಕೂಡಿಸಿ ಓದಿಸುವ ಫೋನಿಕ್ಸನ್ನೇ ಕನ್ನಡಕ್ಕೂ ತರಬಹುದಲ್ಲ ಎಂದರೆ, ಅದು ಅರ್ಧ ಮಾತ್ರ ಸರಿ. ಇಂಗ್ಲಿಷಿನಲ್ಲಿ 26 ಅಕ್ಷರ ನಲವತ್ತಕ್ಕೂ ಹೆಚ್ಚು ದನಿಗಳ ಭಾರ ಹೊರಬೇಕು. ಒಂದೊಂದು ದನಿಯನ್ನೂ ಬಿಡಿಸಿ ಕೂಡಿಸುವುದು ಅಲ್ಲಿ ಅನಿವಾರ್ಯ. ನಮ್ಮ ಅಕ್ಷರ ಬಿಡಿ ದನಿಯಲ್ಲ. ಮ ಎಂದರೆ ಮ್ ಅಲ್ಲ, ಅದರೊಳಗೆ ಅಕಾರ ಕೂತೇ ಇರುತ್ತದೆ. ಬೇರೆ ಸ್ವರ ಬೇಕಾದಾಗ ಮೈಗೆ ಒಂದು ಗುರುತು ಸೇರುತ್ತದೆ. ಈ ಉಪಾಯ ಇದೇ ಚಿತ್ರದುರ್ಗ ಜಿಲ್ಲೆಯ ಬಂಡೆಯ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ಇದೆ. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ವ್ಯಂಜನಕ್ಕೆ ಒಂದು ಗೀಟು ಎಳೆದರೆ ಸ್ವರ ಬದಲಾಗುವ ಕ್ರಮ ಅಲ್ಲೂ ಇದೇ. ಹೀಗಾಗಿ ಮರ ಓದುವ ಮಗುವಿಗೆ ಮ್-ಅ-ರ್-ಅ ಎಂದು ಬಿಡಿಸಿ ಹೇಳುವುದು ಸುಮ್ಮನೆ ಕಾಡಿಸಿದಂತೆ. ಮ, ರ, ಮರ ಅಷ್ಟೇ ಸಾಕು. ಬಿಡಿಸುವ ಕೆಲಸ ನಿಜವಾಗಿ ಬೇಕಾಗುವುದು ಕಾಗುಣಿತದಲ್ಲಿ. 34 ವ್ಯಂಜನಕ್ಕೆ 15ರಂತೆ ಲೆಕ್ಕ ಹಾಕಿದರೆ 510 ರೂಪ, ಒತ್ತಕ್ಷರ ಬೇರೆ. ಇಷ್ಟನ್ನೂ ಚಿತ್ರಗಳ ಹಾಗೆ ನೆನಪಿಟ್ಟುಕೊಳ್ಳುವುದು ಯಾರಿಂದಲೂ ಆಗದು. ಕ ಇಂದ ಅಕಾರ ಕಳೆದು ಇಕಾರ ಕೂಡಿದರೆ ಕಿ, ಇದೇ ಲೆಕ್ಕ ಗ, ಚ, ತ ಗಳಿಗೂ ನಡೆಯುತ್ತದೆ ಎನ್ನುವುದು ಹೊಳೆದ ದಿನ ಮಗುವಿನ ಅರ್ಧ ಹೊರೆ ಇಳಿಯುತ್ತದೆ. ಆದರೆ ಆ ದಿನ ಬೇಗ ಬರುವುದಿಲ್ಲ. ಕನ್ನಡ ಶಾಲೆಗಳ ಮಕ್ಕಳನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆ ಹೇಳುವುದೂ ಇದನ್ನೇ: ಇಡಿ ಅಕ್ಷರದ ಅರಿವು ಮೊದಲು ಬರುತ್ತದೆ, ಬಿಡಿ ದನಿಯ ಅರಿವು ನಿಧಾನ, ಅಕ್ಷರಕಲಿಕೆ ಒಂದನೇ ತರಗತಿಗೆ ಮುಗಿಯದೆ ಮುಂದಿನ ತರಗತಿಗಳಿಗೂ ಚಾಚಿಕೊಳ್ಳುತ್ತದೆ. ಯುಕೆಜಿಯಲ್ಲೇ ಪೇಪರ್ ಓದಿಸುವ ಆತುರದವರು ಇದನ್ನು ಸ್ವಲ್ಪ ಗಮನಿಸಬೇಕು.

ಬಾಯಿಪಾಠದಲ್ಲೇ ನಾವೆಲ್ಲ ಕಲಿತೆವಲ್ಲ ಎಂಬ ಮಾತು ಎದುರಾಗುತ್ತದೆ. ಹೀಗೆ ಕೇಳುವವರು ಕಲಿತವರು. ಕಲಿಯಲಾಗದೆ ಮೂರನೇ ತರಗತಿಗೇ ಶಾಲೆ ಬಿಟ್ಟವರು ಈ ಚರ್ಚೆಗೆ ಬರುವುದಿಲ್ಲ. ಅಲ್ಲದೆ ಹಳೆಯ ಮೇಷ್ಟರ ಕಾಗುಣಿತದಲ್ಲಿ ಇದ್ದದ್ದೆಲ್ಲ ಕುರುಡು ಪಾಠವೂ ಅಲ್ಲ. ತಲೆಕಟ್ಟು, ಇಳಿ, ಗುಡಿಸು, ಕೊಂಬು ಎಂದು ಗುರುತಿಗೊಂದು ಹೆಸರಿಟ್ಟು ದನಿಯ ಜೊತೆ ಕೂಗಿಸುತ್ತಿದ್ದರು; ಅಪ್ಪಟ ನಾಟಿ ಫೋನಿಕ್ಸ್ ಅದು. ಅದನ್ನು ಬಿಡಬೇಕಾಗಿಲ್ಲ, ಮಗುವಿನ ಬೆರಳು ಆ ಗುರುತಿನ ಮೇಲೆ ಇದ್ದರಾಯಿತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ. ಕನ್ನಡ ಬರೆದಂತೆ ಓದುವ ಭಾಷೆ ಎನ್ನುತ್ತೇವೆ, ಮನೆಯಲ್ಲಿ ಹಾಗೆ ಮಾತಾಡುವವರು ಎಷ್ಟು ಜನ? ಬೋರ್ಡಿನ ಹಿರಿಯೂರು ಬಾಯಲ್ಲಿ ಹಿರ್ಯೂರು, ಚಿತ್ರದುರ್ಗ ಬರೀ ದುರ್ಗ, ಬರುತ್ತೇನೆ ಎನ್ನುವುದು ಬತ್ತೀನಿ. ಹೆಚ್ಚಿನ ಕನ್ನಡಿಗರ ನಾಲಿಗೆಯಲ್ಲಿ ಮಹಾಪ್ರಾಣವೇ ಇಲ್ಲ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಲಿಪಿಯನ್ನೇ ಹಗುರ ಮಾಡಲು ಹೊರಟರು. ಆ ವಾದವನ್ನು ಪೂರ್ತಿ ಒಪ್ಪದಿದ್ದರೂ ದನ, ಧನ ಎರಡನ್ನೂ ಒಂದೇ ರೀತಿ ನುಡಿಯುವ ಮನೆಯಲ್ಲಿ ದನಿ ಕೇಳಿ ಬರೆಯುವುದು ಕಷ್ಟವೆಂದು ಒಪ್ಪಲೇಬೇಕು. ಇದು ಉಕ್ತಲೇಖನದ ತೊಡಕು, ಓದಿನದಲ್ಲ. ಕಂಡ ಧ ವನ್ನು ದ ಎಂದು ಓದಿದರೂ ಮಗುವಿಗೆ ಪದ ಸಿಕ್ಕುತ್ತದೆ. ಬರವಣಿಗೆಯನ್ನು ಕಣ್ಣು ಆಮೇಲೆ ತಿದ್ದಿಕೊಳ್ಳುತ್ತದೆ. ಬತ್ತೀನಿ ಎನ್ನುವ ಮಗುವನ್ನು ಓದುವ ಹೊತ್ತಿನಲ್ಲಿ ಗದರಿಸಿದರೆ ಮಾತ್ರ ಓದೂ ಹೋಗುತ್ತದೆ, ಮಾತೂ ಹೋಗುತ್ತದೆ.

ದನಿಯ ದಾರಿ ನಿಜಕ್ಕೂ ಸೋಲುವ ಜಾಗ ಒಂದಿದೆ. ಹೊಳಲ್ಕೆರೆ ಕಡೆಯ ತಾಂಡಾದ ಲಂಬಾಣಿ ಮಗು, ಮನೆಯಲ್ಲಿ ತೆಲುಗು ಅಥವಾ ಉರ್ದು ಆಡುವ ಹಿರಿಯೂರಿನ ಮಗು ಅ, ಗ, ಸ ಕೂಡಿಸಿ ಅಗಸ ಎಂದು ತಪ್ಪಿಲ್ಲದೆ ಓದಬಹುದು. ಓದಿದ್ದು ಏನೆಂದು ಕೇಳಿದರೆ ಸುಮ್ಮನಾಗುತ್ತದೆ. (ಅಗಸರನ್ನು ಕಾಣದ ಪಟ್ಟಣದ ಕನ್ನಡ ಮಗುವೂ ಅಷ್ಟೇ.) ಗೊತ್ತಿರುವ ಪದವಾದರೆ ಅರೆಬರೆ ಕೂಡಿಸಿದರೂ ಕಿವಿ ಗುರುತು ಹಿಡಿದು ತಿದ್ದುತ್ತದೆ, ಗೊತ್ತಿಲ್ಲದ ಪದಕ್ಕೆ ಆ ಆಸರೆಯಿಲ್ಲ. ಆದ್ದರಿಂದ ಇಂಥ ಮಕ್ಕಳ ಜೊತೆ ಕನ್ನಡದ ಮಾತು, ಹಾಡು, ಕತೆ ಮೊದಲು ಬೆಳೆಯಲಿ. ಅಕ್ಷರ ಕೆಲವು ತಿಂಗಳು ಕಾದರೆ ನಷ್ಟವಿಲ್ಲ. ಆಮೇಲೆ ಓದಲು ಕೊಡುವ ಪದಗಳನ್ನೂ ಪುಸ್ತಕದ ಸರದಿಗಿಂತ ಸುತ್ತಲಿನ ಹೊಲದಿಂದ, ಅಂಗಡಿಯಿಂದ ಆರಿಸುವುದು ಒಳ್ಳೆಯದು. ಕುರಿ, ರಾಗಿ, ಅಡಿಕೆ ಇವುಗಳಲ್ಲಿ ಒತ್ತಕ್ಷರವಿಲ್ಲ, ಕೊಂಬು, ಇಳಿ, ಗುಡಿಸು, ಎತ್ವ ಎಲ್ಲ ಇವೆ. ಒತ್ತಕ್ಷರಕ್ಕೆ ಹತ್ತಿ, ಬೆಲ್ಲ, ಮೊಟ್ಟೆ ಮೊದಲು ಬರಲಿ. ತನ್ನ ಕೆಳಗೆ ತಾನೇ ಕೂತ ಅಕ್ಷರ ಗುರುತಿಸುವುದು ಸುಲಭ. ಅರ್ಕಾವತ್ತು ಎಲ್ಲಕ್ಕೂ ಕೊನೆಗೆ.