ನಂಜು ಎಂಬ ಪದದ ಸುತ್ತ

ಕನ್ನಡದಲ್ಲಿ ‘ನಂಜು’ ಎಂದರೆ ವಿಷ. ಆದರೆ ಅಡುಗೆಮನೆಯ ಮಾತಿನಲ್ಲಿ ಈ ಪದಕ್ಕೆ ಇನ್ನೊಂದು ಬಳಕೆಯುಂಟು. ಗಾಯವಾದವರಿಗೂ ತುರಿಕೆ ಕಜ್ಜಿಯಿಂದ ಬಳಲುವವರಿಗೂ ‘ಬದನೆಕಾಯಿ ನಂಜು, ತಿನ್ನಬೇಡ’ ಎಂದು ಹಿರಿಯರು ಹೇಳುವುದು ವಾಡಿಕೆ. ಊರೆಲ್ಲ ಉಣ್ಣುವ ತರಕಾರಿಯನ್ನೇ ವಿಷದ ಹೆಸರಿನಿಂದ ಕರೆಯುವ ಈ ಮಾತಿನಲ್ಲಿ ಒಂದು ಸೂಕ್ಷ್ಮವಾದ ತಿಳಿವಳಿಕೆ ಇದೆ. ಕೇಡು ಪದಾರ್ಥದಲ್ಲಿ ಮಾತ್ರ ಇರುವುದಲ್ಲ. ಅದನ್ನು ಉಣ್ಣುವ ಒಡಲು ಯಾವುದು ಎಂಬುದರ ಮೇಲೂ ಅದು ನಿಂತಿದೆ.

ವಿಷವನ್ನೂ ಪಾಕವನ್ನೂ ಕನ್ನಡ ಕವಿಗಳು ಶಾಸ್ತ್ರವಾಗಿಯೇ ವಿವೇಚಿಸಿದ್ದಾರೆ. 14ನೆಯ ಶತಮಾನದ ಒಂದನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ವಿಷವೈದ್ಯದ ಗ್ರಂಥ, 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವು ಅಡುಗೆಯ ಗ್ರಂಥ. ಇಬ್ಬರೂ ಜೈನ ಕವಿಗಳು. ಒಂದು ಕೃತಿ ಕೊಲ್ಲುವ ವಸ್ತುವಿನದು, ಮತ್ತೊಂದು ಪೊರೆಯುವ ವಸ್ತುವಿನದು. ಆದರೆ ಒಬ್ಬನನ್ನು ಪೊರೆಯುವ ವಸ್ತುವೇ ಇನ್ನೊಬ್ಬನನ್ನು ಕಾಡುವ ಎಡೆಯೊಂದು ಇವೆರಡರ ನಡುವೆ ಇದೆ. ಆಯುರ್ವೇದವು ಇದನ್ನು ಬಲ್ಲದು. ಒಡಲಿಗೆ ಹೊಂದುವುದು ಸಾತ್ಮ್ಯ, ಹೊಂದದ್ದು ಅಸಾತ್ಮ್ಯ, ನಿತ್ಯದ ರೂಢಿಯಿಂದ ಒಗ್ಗಿದ್ದು ಓಕಸಾತ್ಮ್ಯ ಎಂದು ಅದು ವಿಂಗಡಿಸುತ್ತದೆ. ಹಳ್ಳಿಯ ಮುದುಕಿ ‘ನನ್ನ ಮೈಗೆ ಒಗ್ಗದು’ ಎಂದಾಗ ಆಡುವುದೂ ಈ ಮಾತನ್ನೇ.

ಆಧುನಿಕ ವೈದ್ಯವು ಈ ಒಗ್ಗದಿರುವಿಕೆಯನ್ನು ಇನ್ನಷ್ಟು ಬಿಡಿಸಿ ನೋಡಿತು. ‘ಅಲರ್ಜಿ’ ಎಂಬ ಪದವನ್ನು 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ರೂಪಿಸಿದನು. ನಿರುಪದ್ರವಿಯಾದ ಆಹಾರಾಂಶವನ್ನು ದೇಹದ ರಕ್ಷಣಾವ್ಯವಸ್ಥೆಯು ಶತ್ರುವೆಂದು ಭ್ರಮಿಸಿ ಎರಗುವುದೇ ಅಲರ್ಜಿ. ತುಟಿ ಊದುವುದು, ಮೈಮೇಲೆ ದದ್ದು ಏಳುವುದು ಅದರ ಲಕ್ಷಣಗಳು. ಉಸಿರು ಕಟ್ಟಿ ಪ್ರಾಣಕ್ಕೆ ಸಂಚಕಾರ ಬರುವುದೂ ಉಂಟು. ಹಾಲು ಕುಡಿದವರಿಗೆ ಹೊಟ್ಟೆ ಉಬ್ಬರಿಸುವುದು ಬಹುಮಟ್ಟಿಗೆ ಬೇರೆಯೇ ಸಂಗತಿ. ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವವು ಬಾಲ್ಯ ಕಳೆದ ಮೇಲೆ ಅನೇಕರಲ್ಲಿ ಕುಗ್ಗುತ್ತದೆ. ಅಂಥವರಲ್ಲಿ ಹಲವರಿಗೆ ಮೊಸರು ಮಜ್ಜಿಗೆ ಒಗ್ಗುತ್ತದೆ. ಮೂರನೆಯದು ಸೀಲಿಯಾಕ್ ರೋಗ. ಗೋಧಿಯ ಗ್ಲುಟೆನ್ ಸೇರಿದೊಡನೆ ಇಲ್ಲಿ ದೇಹವು ತನ್ನ ಕರುಳಿನ ಒಳಪದರವನ್ನೇ ಹಾಳುಗೆಡವಿಕೊಳ್ಳುತ್ತದೆ. ಗೋಧಿಯನ್ನು ಬಿಟ್ಟರೆ ಈ ಮಕ್ಕಳು ಚೇತರಿಸಿಕೊಳ್ಳುವರೆಂದು ಡಚ್ ವೈದ್ಯ ವಿಲೆಮ್ ಡಿಕೆ 1950ರ ತನ್ನ ಪ್ರಬಂಧದಲ್ಲಿ ತೋರಿಸಿಕೊಟ್ಟನು.

ಬದನೆಯ ನಂಜಿನ ಮಾತನ್ನೂ ವಿಜ್ಞಾನವು ತಳ್ಳಿಹಾಕಲಿಲ್ಲ. ಬದನೆಕಾಯಿಯ ಅಲರ್ಜಿ ಕೆಲವರಲ್ಲಿ ನಿಜವಾಗಿಯೂ ಉಂಟೆಂದೂ ಅದು ಹೆಂಗಸರಲ್ಲಿ ಹೆಚ್ಚೆಂದೂ ಮೈಸೂರಿನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿತು. ಹಾಗೆಂದು ಹಿರಿಯರು ನಂಜೆಂದ ಪ್ರತಿಯೊಂದೂ ಅಲರ್ಜಿಯಲ್ಲ, ಎಲ್ಲರಿಗೂ ನಂಜೂ ಅಲ್ಲ. ಕೆಲವರ ಅನುಭವವು ಎಲ್ಲರ ನಿಷೇಧವಾಗಿ ಬೆಳೆಯುವುದೂ ಲೋಕರೂಢಿಯೇ.

ಈರುಳ್ಳಿ ಬೆಳ್ಳುಳ್ಳಿಗಳನ್ನು ಬಳಸದ ಜೈನ ಅಡುಗೆಮನೆ ಈ ವಿಚಾರಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿಯ ವರ್ಜನೆಗೆ ಕಾರಣ ಅಹಿಂಸೆಯೇ ಹೊರತು ಅಜೀರ್ಣವಲ್ಲ. ಆದರೂ ಈ ಗಡ್ಡೆಗಳಲ್ಲಿರುವ ಫ್ರುಕ್ಟಾನ್ ಎಂಬ ಅಂಶವು ಸಣ್ಣಕರುಳಿನಲ್ಲಿ ಜೀರ್ಣವಾಗದೆ ದೊಡ್ಡಕರುಳಿಗೆ ಇಳಿದು ಹುದುಗುವುದರಿಂದ, ಸೂಕ್ಷ್ಮ ಕರುಳಿನವರಿಗೆ ಉಬ್ಬರವೂ ನೋವೂ ಉಂಟಾಗುತ್ತವೆ. ಅಂಥವರಿಗೆ ಈ ಅಡುಗೆ ಹಿತವೆನಿಸುವುದು ಸಹಜ. ಈರುಳ್ಳಿ ಬೆಳ್ಳುಳ್ಳಿಗಳ ಘಮವನ್ನು ಅಲ್ಲಿ ತುಂಬಿಕೊಡುವುದು ಇಂಗು. ಅದು ಅಫಘಾನಿಸ್ತಾನ, ಇರಾನ್ ಕಡೆಯ ಗಿಡವೊಂದರ ಬೇರಿನ ಅಂಟು. ಶುದ್ಧ ಇಂಗಿನ ಘಾಟು ತೀವ್ರವಾದುದರಿಂದ ಅಂಗಡಿಯ ಪುಡಿಯಲ್ಲಿ ಗೋಂದನ್ನೂ ಹಿಟ್ಟನ್ನೂ ಬೆರೆಸಿರುತ್ತಾರೆ. ಆ ಹಿಟ್ಟು ಹಲವು ವೇಳೆ ಗೋಧಿಯದು. ಹೀಗೆ ಹೊಟ್ಟೆಯುಬ್ಬರಕ್ಕೆ ಮದ್ದೆಂದು ಒಗ್ಗರಣೆಗೆ ಬಿದ್ದ ಚಿಟಿಕೆ ಇಂಗೇ ಸೀಲಿಯಾಕ್ ಪೀಡಿತರ ಪಾಲಿಗೆ ಕೇಡಾಗಬಹುದು. ಬಡಿಸಿದವರಿಗೆ ಇದು ತಿಳಿದಿರುವುದಿಲ್ಲ, ಉಂಡವರಿಗೆ ಕಾರಣ ಹೊಳೆಯುವುದಿಲ್ಲ. ಅಕ್ಕಿಹಿಟ್ಟಿನ ಇಂಗೂ ದೊರೆಯುವುದರಿಂದ ಡಬ್ಬಿಯ ಮೇಲಿನ ಬರಹವನ್ನು ಓದುವುದೊಂದೇ ಇಲ್ಲಿ ಬೇಕಾದ ಎಚ್ಚರ.

ಕಷ್ಟವೆಲ್ಲ ಹುಟ್ಟುವುದು ಊಟದ ಪಂಕ್ತಿಯಲ್ಲಿ. ಒತ್ತಾಯ ಮಾಡಿ ಬಡಿಸುವುದು ನಮ್ಮ ನಾಡಿನ ಉಪಚಾರ. ಬೇಡವೆಂದವರನ್ನು ನಾಜೂಕಿನವರೆಂದು ನಗುವುದೂ ಅಷ್ಟೇ ರೂಢಿ. ‘ಒಂದು ತುತ್ತಿಗೆ ಏನಾದೀತು?’ ಎಂಬ ಪ್ರಶ್ನೆಗೆ ಉತ್ತರ ಎಲ್ಲರಲ್ಲಿಯೂ ಒಂದೇ ಅಲ್ಲ. ಹಾಲಿನ ಸಕ್ಕರೆ ಅರಗದವರಿಗೆ ಒಂದು ತುತ್ತು ಪಾಯಸದಿಂದ ಬಹುಶಃ ಏನೂ ಆಗದು. ಆದರೆ ಎಳ್ಳಿನ ತೀವ್ರ ಅಲರ್ಜಿಯಿರುವ ಮಗುವಿಗೆ ಸಂಕ್ರಾಂತಿಯ ಎಳ್ಳುಬೆಲ್ಲದ ಒಂದು ಚಿಟಿಕೆಯೇ ಸಾಕು. ಆಗ ಅಡ್ರಿನಲಿನ್ ಚುಚ್ಚುಮದ್ದು ತಡವಿಲ್ಲದೆ ಸಿಗಬೇಕಾಗುತ್ತದೆ. ಯುರೋಪಿನ ಒಕ್ಕೂಟದಲ್ಲಿ ಎಳ್ಳು, ಸಾಸಿವೆ ಬೆರೆತ ತಿನಿಸಿನ ಮೇಲೆ ಅದನ್ನು ನಮೂದಿಸಲೇಬೇಕೆಂಬ ನಿಯಮವಿದೆ. ಮನೆಯ ಅಡುಗೆಗೆ ಚೀಟಿ ಅಂಟಿಸಲಾಗದು. ಅಲ್ಲಿ ಉಣ್ಣುವವರ ಮಾತೇ ಆಧಾರ.

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ಜೈನ ಪರಂಪರೆ ಒಟ್ಟಾಗಿಯೇ ಹೇಳುತ್ತದೆ. ಬಡಿಸುವ ಮುನ್ನ ‘ನಿಮಗೆ ಯಾವುದು ಒಗ್ಗದು?’ ಎಂದು ಕೇಳಿ, ಬಂದ ಉತ್ತರವನ್ನು ನಂಬಿ ನಡೆದುಕೊಂಡರೆ ಆಹಾರದಾನದೊಂದಿಗೆ ಅಭಯದಾನವೂ ಸಂದಂತಾಗುತ್ತದೆ.