ಹೊಸೆದ ಹಗ್ಗ, ಹಿಡಿದ ಕೈ

ಕನ್ನಡದಲ್ಲಿ ಹಗ್ಗಕ್ಕೆ ಹೆಸರುಗಳ ಬಡತನವಿಲ್ಲ. ದನವನ್ನು ಗೂಟಕ್ಕೆ ಬಿಗಿಯುವುದು ಕಣ್ಣಿ. ತೊಗಲಿನಿಂದ ಮಾಡಿದ್ದು ಮಿಣಿ. ಎತ್ತಿನ ಮೂಗಿನೊಳಗೆ ಹಾಯುವುದು ಮೂಗುದಾರ. ‘ಹಗ್ಗ’ವೆಂಬುದು ಸಂಸ್ಕೃತದ ‘ಪ್ರಗ್ರಹ’ವು ‘ಪಗ್ಗ’ವಾಗಿ ಇಳಿದು ಬಂದ ತದ್ಭವ. ಅಚ್ಚಗನ್ನಡದ ಮಾತು ‘ನೇಣ್’. ಹಳಗನ್ನಡದಲ್ಲಿ ಸಾಧಾರಣ ಹಗ್ಗವನ್ನು ಸೂಚಿಸುತ್ತಿದ್ದ ಈ ಪದ ಇಂದು ಕೊರಳಿಗೆ ಬೀಳುವ ಕುಣಿಕೆಗೆ ಮೀಸಲಾಗಿದೆ. ಬದುಕಿಸುವ ಹಗ್ಗಕ್ಕೂ ಕೊಲ್ಲುವ ಹಗ್ಗಕ್ಕೂ ಒಂದೇ ಹೆಸರಿದ್ದ ಕಾಲವೊಂದಿತ್ತು. ಮರವೇರಿ ಜೇನು ತೆಗೆಯುವವರ ಪಾಲಿಗೆ ಆ ಎರಡರ ನಡುವಣ ಅಂತರ ಇಂದಿಗೂ ಒಂದು ಎಳೆಯಷ್ಟೇ.

ಸತ್ಯಮಂಗಲದ ಕಡೆಯಿಂದ ದಿಂಬಂ ಘಟ್ಟದ 27 ತಿರುವುಗಳನ್ನು ಹತ್ತಿದರೆ ಹಾಸನೂರು, ಅದರಾಚೆಗೆ ತಾಳವಾಡಿಯ ಸೀಮೆ. ಆಡಳಿತದ ಲೆಕ್ಕದಲ್ಲಿ ಅದು ತಮಿಳುನಾಡಿನ ಈರೋಡು ಜಿಲ್ಲೆ; ಮನೆಮಾತಿನಲ್ಲಿ ಬಹುಮಟ್ಟಿಗೆ ಕನ್ನಡ. ವರನಟ ರಾಜಕುಮಾರ್ ಅವರ ಗಾಜನೂರು ಇಲ್ಲಿಯದೇ. ಸುತ್ತಲಿನ ಅರಣ್ಯವು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದಕ್ಕೂ ಬಹಳ ಹಿಂದಿನಿಂದ ಅಲ್ಲಿ ಬಾಳಿಕೊಂಡು ಬಂದವರು ಸೋಲಿಗರು ಮತ್ತು ಊರಾಳಿಗರು. ಬಿಳಿಗಿರಿರಂಗನ ಬೆಟ್ಟದಲ್ಲಿ, ಮಲೆ ಮಹದೇಶ್ವರ ಬೆಟ್ಟದಲ್ಲಿ ‘ಸೋಲಿಗ’ರಾದವರು ತಮಿಳುನಾಡಿನ ದಾಖಲೆಯಲ್ಲಿ ‘ಶೋಳಗ’ರಾಗುತ್ತಾರೆ. ಗಡಿ ಕಾಗದದ ಮೇಲಿನದು. ಜೇನುಹುಳುವಿಗೂ ಬಂಧುತನಕ್ಕೂ ಅದು ಕಾಣುವುದಿಲ್ಲ.

ಸೋಲಿಗರು ಜೇನನ್ನು ಬಗೆಬಗೆಯಾಗಿ ಗುರುತಿಸುತ್ತಾರೆ: ಹೆಜ್ಜೇನು, ತುಡುವೆ, ಕಡ್ಡಿಜೇನು, ನಸರಿ. ಇವುಗಳಲ್ಲಿ ಮರವೇರುವವನ ಎದೆಗಾರಿಕೆಯನ್ನು ಪರೀಕ್ಷಿಸುವುದು ಹೆಜ್ಜೇನು. ಹೆದ್ದಾರಿ, ಹೆಬ್ಬಾಗಿಲು, ಹೆಮ್ಮರಗಳ ಸಾಲಿಗೆ ಸೇರುವ ಈ ಪದದಲ್ಲೇ ಅದರ ಹಿರಿತನವಿದೆ. ಬಂಡೆಯ ಸೂರಿನಲ್ಲಿಯೋ ಎತ್ತರದ ಕೊಂಬೆಯ ಅಡಿಯಲ್ಲಿಯೋ ಒಂದೇ ಹಲಗೆಯಂತೆ, ಮರೆಯಿಲ್ಲದೆ ತೂಗುವ ಹಲ್ಲೆ ಅದರದು. ತಾರೆ, ಬೂರುಗದಂತಹ ಹೆಮ್ಮರವೊಂದರಲ್ಲಿ ಹತ್ತಾರು ಹುಟ್ಟುಗಳು ಕೂಡಿರುವುದುಂಟು. ಅದನ್ನು ತೆಗೆಯಲು ಸಾಮಾನ್ಯವಾಗಿ ಬೆಳದಿಂಗಳಿಲ್ಲದ ರಾತ್ರಿಯನ್ನು ಆರಿಸಿಕೊಳ್ಳುತ್ತಾರೆ. ಒಣಹುಲ್ಲಿಗೆ ಹಸಿರೆಲೆ ಸುತ್ತಿದ ಸೂಡಿಯನ್ನು ಕೊಂಬೆಗೆ ತಟ್ಟಿದಾಗ ಕಿಡಿಗಳು ಕೆಳಗುದುರುತ್ತವೆ. ಹುಳುಗಳು ಕಿಡಿಯ ಬೆನ್ನುಹತ್ತಿ ಕೆಳಗಿಳಿಯುತ್ತವೆ. ಆ ಬಿಡುವಿನಲ್ಲಿ ಜೇನಿರುವ ಭಾಗವನ್ನು ಕೊಯ್ದು, ಮರಿಹುಳುಗಳಿರುವ ಭಾಗದಲ್ಲಿ ಒಂದಿಷ್ಟನ್ನು ಉಳಿಸಿ, ಬುಟ್ಟಿಯನ್ನು ಹಗ್ಗದಲ್ಲಿ ಇಳಿಬಿಡಬೇಕು. ಕತ್ತಲೆಯಲ್ಲಿ ಕಣ್ಣಿಗಿಂತ ಕೈ ಹೆಚ್ಚು ಬಲ್ಲದು; ಕೈಗೆ ಆಧಾರ ಹಗ್ಗ.

ಹಗ್ಗದ ಗುಟ್ಟು ಅದರ ತಿರುವಿನಲ್ಲಿದೆ. ನಾರನ್ನು ಒಂದು ದಿಕ್ಕಿಗೆ ಹೊಸೆದು ಎಳೆ ಮಾಡುತ್ತಾರೆ. ಎಳೆಗಳನ್ನು ಕೂಡಿಸಿ ಅದರ ಎದುರು ದಿಕ್ಕಿಗೆ ಹುರಿಗೊಳಿಸುತ್ತಾರೆ. ಎಳೆ ಬಿಚ್ಚಿಕೊಳ್ಳಲು ಹವಣಿಸಿದಷ್ಟೂ ಹುರಿ ಬಿಗಿಯಾಗುತ್ತದೆ. ಪರಸ್ಪರ ವಿರೋಧವೇ ಅಲ್ಲಿ ಬಲ. ಹಗ್ಗ ಸಾಲದೆ ಹೋದಾಗ ಇನ್ನೊಂದನ್ನು ಗಂಟು ಹಾಕಿ ಕೂಡಿಸುವುದು ಸುಲಭ. ಆದರೆ ಗಂಟು ಬಿದ್ದಲ್ಲಿ ಹಗ್ಗ ಗಕ್ಕನೆ ಬಾಗುತ್ತದೆ, ಭಾರವೆಲ್ಲ ಕೆಲವೇ ನಾರುಗಳ ಮೇಲೆ ಬೀಳುತ್ತದೆ. ಕೆಲವು ಗಂಟುಗಳಲ್ಲಿ ಬಲವು ಅರ್ಧಕ್ಕೆ ಇಳಿಯುವುದೂ ಉಂಟು. ಆದ್ದರಿಂದ ಬಲ್ಲವರು ಎರಡೂ ತುದಿಗಳ ಹುರಿ ಬಿಚ್ಚಿ, ಒಂದರ ಎಳೆಯನ್ನು ಇನ್ನೊಂದರ ಎಳೆಯ ಮೇಲೆ ಹಾಯಿಸಿ, ಮುಂದಿನದರ ಅಡಿಗೆ ತೂರಿಸಿ ಹೆಣೆಯುತ್ತಾರೆ. ನಾರಿನ ಹಗ್ಗಕ್ಕೆ ಇಂಥ ಮೂರು ಸುತ್ತಾದರೂ ಬೇಕು. ನುಣುಪಾದ ನೈಲಾನಿಗೆ ಐದು. ಹೀಗೆ ಕೂಡಿದ ಜಾಗ ಸ್ವಲ್ಪ ದಪ್ಪವಾಗುತ್ತದೆ, ಆದರೆ ತನ್ನ ಬಲದ ಬಹುಭಾಗವನ್ನು ಉಳಿಸಿಕೊಳ್ಳುತ್ತದೆ. ನಮ್ಮಲ್ಲಿ ‘ಕವಿತೆ ಹೊಸೆಯುವುದು’ ಎಂದರೆ ತುಸು ಹಗುರವಾದ ಮಾತು. ಹೊಸೆದದ್ದರ ಮೇಲೆ ತನ್ನ ಮೈಭಾರವನ್ನೇ ಬಿಡಬೇಕಾದವನು ಆ ಕ್ರಿಯಾಪದವನ್ನು ಹಗುರವಾಗಿ ಆಡಲಾರ.

ಹಗ್ಗದ ಇನ್ನೊಂದು ತುದಿಯನ್ನು ಯಾರು ಹಿಡಿಯಬೇಕು? ನೆರೆಯ ನೀಲಗಿರಿಯ ಕುರುಂಬರಲ್ಲಿ, ಬಂಡೆಯಿಂದ ಇಳಿಯುವವನ ಹಗ್ಗವನ್ನು ಅವನ ಹೆಂಡತಿಯ ಅಣ್ಣನೋ ತಮ್ಮನೋ ಕಾಯುವ ರೂಢಿಯನ್ನು ಹೇಳುತ್ತಾರೆ. ಒಡಹುಟ್ಟಿದವನಿಗೆ ಆಸ್ತಿಯ ಆಸೆ ಹುಟ್ಟೀತು. ತನ್ನ ಸೋದರಿ ವಿಧವೆಯಾಗಲೆಂದು ಬಯಸುವ ಭಾವಮೈದುನ ಮಾತ್ರ ಇರಲಾರ. ಈ ಲೆಕ್ಕಾಚಾರದಲ್ಲಿ ಮನುಷ್ಯಸ್ವಭಾವದ ಕಟುವಾದ ಅರಿವಿದೆ, ಅದರೊಡನೆಯೇ ನಂಬಿಕೆಯೂ ಇದೆ. ನಾರನ್ನು ಹುರಿಗೊಳಿಸಿದಂತೆ ಸಂಬಂಧವನ್ನೂ ಹುರಿಗೊಳಿಸಿದ್ದಾರೆ.

ಈಗ ಸಂತೆಯಲ್ಲಿ ಪ್ಲಾಸ್ಟಿಕ್ ಹಗ್ಗ ಸಿಗುತ್ತದೆ. ಅದು ಹಗುರ, ಮಳೆಗೆ ಕೊಳೆಯದು. ದಿನಗಟ್ಟಲೆ ಕೂತು ಹೊಸೆಯುವ ಶ್ರಮವನ್ನು ಉಳಿಸುತ್ತದೆ. ಅದನ್ನು ಕೊಂಡವರನ್ನು ಹಳಿಯಲು ಯಾರಿಗೂ ಹಕ್ಕಿಲ್ಲ. ಆದರೆ ಬಿಸಿಲಿಗೆ ಅದರ ಕಸುವು ಇಳಿಯುತ್ತದೆ. ಕಿಡಿ ತಾಗಿದರೆ ನಾರು ಕಪ್ಪಾಗಿ ಎಚ್ಚರಿಸುವಲ್ಲಿ ಅದು ಕರಗುತ್ತದೆ. ಸೂಡಿ ಹಿಡಿದು ಏರುವವನಿಗೆ ಇದು ಸಣ್ಣ ವಿಷಯವಲ್ಲ. ತಾನೇ ಹೊಸೆದ ಹಗ್ಗದ ದುರ್ಬಲ ಜಾಗ ಅವನಿಗೆ ಗೊತ್ತಿರುತ್ತದೆ. ಕೊಂಡು ತಂದ ಹಗ್ಗದ ದೋಷ ಅದು ಹರಿದ ದಿನವೇ ತಿಳಿಯುವುದು.

2006ರ ಅರಣ್ಯ ಹಕ್ಕು ಕಾಯ್ದೆಯು ಜೇನನ್ನೂ ಮೇಣವನ್ನೂ ಕಿರು ಅರಣ್ಯ ಉತ್ಪನ್ನಗಳೆಂದು ಹೆಸರಿಸಿತು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಾಮುದಾಯಿಕ ಹಕ್ಕುಪತ್ರಗಳು ದೊರೆತವು. ಕಾಡಿಗೆ ಹೋಗುವ ಹಕ್ಕನ್ನು ಕಾನೂನು ಕೊಡಬಲ್ಲದು. ಮರವೇರುವ ವಿದ್ಯೆಯನ್ನು ಕೊಡಲಾರದು. ಅದು ಹಿರಿಯನ ಕೈಯಿಂದ ಕಿರಿಯನ ಕೈಗೆ, ಮಾತಿನ ಮೂಲಕವೇ ಇಳಿಯಬೇಕು. ಮಗ ಆ ಕಸುಬನ್ನು ಬಿಟ್ಟು ಓದಿ ನೌಕರಿ ಹಿಡಿದರೆ ಅದು ಸಂತೋಷದ ಸಂಗತಿಯೇ. ಆದರೆ ಅವನೊಡನೆ ಎಷ್ಟು ಮಾತುಗಳು ಮರದಿಂದ ಇಳಿದು ಬಾರದೆ ಉಳಿದುಹೋಗುತ್ತವೆ ಎಂಬುದನ್ನು ಎಣಿಸಿದವರಿಲ್ಲ.

ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾಯಿತು. ಅದರಲ್ಲಿ ‘ನೇಣ್’ ಹುಡುಕುವ ವಿದ್ಯಾರ್ಥಿ ತಾಳವಾಡಿಯ ಕಡೆಗೊಮ್ಮೆ ಹೋದರೆ, ಎಳೆ ತೂರಿಸುವ ಆ ಹೆಣಿಗೆಗೆ, ಸವೆದ ಜಾಗಕ್ಕೆ, ಮೇಲಿನಿಂದ ಕೆಳಗಿನವನಿಗೆ ಕೊಡುವ ಕೂಗಿಗೆ ಅಲ್ಲಿಯ ಹಿರಿಯರು ಏನೆನ್ನುತ್ತಾರೆಂದು ಕೇಳಿ ಬರೆದುಕೊಳ್ಳಬಹುದು. ಕನ್ನಡದ ತುದಿಯೊಂದು ಅಲ್ಲಿ ಬಿಚ್ಚಿಕೊಂಡಿದೆ; ಕೂಡಿಸಲು ಎಳೆಗಳು ಇನ್ನೂ ಇವೆ.