ಇಳಿಜಾರಿನ ಲೆಕ್ಕ

ನಮ್ಮಂಥ ಹೆಂಗಸರಲ್ಲಿ ಬಹಳ ಮಂದಿ ಪರೀಕ್ಷೆ ಮುಗಿದ ಮರುದಿನವೇ ಸೈನ್, ಕಾಸ್, ಟ್ಯಾನ್‌ಗಳನ್ನು ನೋಟ್‌ಬುಕ್ಕಿನ ಜೊತೆ ರದ್ದಿಗೆ ಹಾಕಿದವರು. ಮನೆಯಲ್ಲಿ ಅದರಿಂದೇನು ಉಪಯೋಗ? ನನಗೆ ಉತ್ತರ ಸಿಕ್ಕಿದ್ದು ಐವತ್ತು ದಾಟಿದ ಮೇಲೆ, ಹಾಲು, ದಿನಸಿಯ ಲೆಕ್ಕ ಬರೆದಿಡುವ ಎಕ್ಸೆಲ್ ಹಾಳೆಯಲ್ಲಿ.

ಅತ್ತೆಯವರ ಸೊಂಟದ ಮೂಳೆ ಮುರಿದು ಮನೆಗೆ ಗಾಲಿಕುರ್ಚಿ ಬಂದಿತ್ತು. ನಮ್ಮ ಜಗಲಿ ಅಂಗಳದಿಂದ ಒಂದೂವರೆ ಅಡಿ ಎತ್ತರ. ಮೂರೇ ಮೆಟ್ಟಿಲು, ಆದರೆ ಅದರಾಚೆಯ ತುಳಸಿಕಟ್ಟೆ ಅವರಿಗೆ ಕಾಶಿಯಷ್ಟು ದೂರವಾಗಿಬಿಟ್ಟಿತು. ಮೇಸ್ತ್ರಿ ಬಂದು, "ಆರಡಿ ಉದ್ದಕ್ಕೆ ಇಳಿಜಾರು ಕಟ್ಟಿಬಿಡೋಣ ಅಮ್ಮಾವ್ರೆ, ಅಂಗಳ ಹಾಳಾಗಲ್ಲ" ಎಂದ. ನಮ್ಮವರೂ ತಲೆಯಾಡಿಸಿದರು. ಕುರ್ಚಿ ತಳ್ಳಬೇಕಾದವಳು ಮಾತ್ರ ನಾನು!

ರಾತ್ರಿ ಹಾಳೆ ತೆರೆದೆ. ಕೋನ ಕೊಟ್ಟರೆ, ಎತ್ತರವನ್ನು ಉದ್ದದಿಂದ ಭಾಗಿಸಿದಾಗ ಬರುವ ಅಂಕಿಯನ್ನು ಹೇಳುವುದು ಟ್ಯಾನ್. ನನಗೆ ಬೇಕಾದದ್ದು ತಿರುಗುಮುರುಗು: ಅಂಕಿ ಗೊತ್ತು, ಕೋನ ಬೇಕು. ಅದೇ ವಿಲೋಮ, ಎಕ್ಸೆಲ್‌ನಲ್ಲಿ ಅದರ ಹೆಸರು ಏಟ್ಯಾನ್. ಅದರ ಬೆಲೆ ಕಟ್ಟುವ ಸರಣಿಯನ್ನು 14ನೇ ಶತಮಾನದಲ್ಲೇ ನೆರೆಯ ಕೇರಳದ ಸಂಗಮಗ್ರಾಮದ ಮಾಧವ ಕಂಡುಕೊಂಡಿದ್ದ. 1.5ನ್ನು 6ರಿಂದ ಭಾಗಿಸಿ ಏಟ್ಯಾನ್‌ಗೆ ಕೊಟ್ಟರೆ 0.245 ಎನ್ನುತ್ತದೆ. ಗಾಬರಿ ಬೇಡ, ಎಕ್ಸೆಲ್ ಕೋನವನ್ನು ಹೇಳುವುದು ರೇಡಿಯನ್‌ಗಳಲ್ಲಿ. ಅದರ ಹೊರಗೆ ಡಿಗ್ರೀಸ್ ಎಂಬ ಇನ್ನೊಂದು ಫಂಕ್ಷನ್ ತೊಡಿಸಿದರೆ 14 ಡಿಗ್ರಿ. ಗಾಲಿಕುರ್ಚಿಗೆ ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕೆಂಬುದು ಕಟ್ಟಡದವರ ನಿಯಮ, ಅದು 4.8 ಡಿಗ್ರಿ ಅಷ್ಟೇ.

ಅತ್ತೆ, ಕುರ್ಚಿ ಸೇರಿ 75 ಕಿಲೋ. ಅದನ್ನು ಕೋನದ ಸೈನ್‌ನಿಂದ ಗುಣಿಸಿದರೆ ನನ್ನ ತೋಳಿಗೆ ಬೀಳುವ ಪಾಲು: ಮೇಸ್ತ್ರಿಯ ಇಳಿಜಾರಿನಲ್ಲಿ 18 ಕಿಲೋ, ನಿಯಮದ ಇಳಿಜಾರಿನಲ್ಲಿ 6. ಒಂದು ದಿನ ಕೈ ಜಾರಿದರೆ? ಬೆಳಿಗ್ಗೆ ಹಾಳೆಯನ್ನು ಮೇಸ್ತ್ರಿಯ ಮುಂದೆ ಹಿಡಿದೆ. ಅವನು ಅಂಕಿಗಳನ್ನು ನೋಡಿದ, ನನ್ನ ತೋಳುಗಳನ್ನು ನೋಡಿದ, ತಲೆ ಕೆರೆದುಕೊಂಡ. ಕೊನೆಗೆ ಒಂಬತ್ತಡಿ ಇಳಿದು, ಕಾಂಪೌಂಡಿನ ಬಳಿ ಸಮತಟ್ಟು ಜಾಗದಲ್ಲಿ ತಿರುಗಿ, ಮತ್ತೆ ಒಂಬತ್ತಡಿ ಇಳಿಯುವಂತೆ ಕಟ್ಟಿಕೊಟ್ಟ. ನನ್ನ ಎರಡು ಕ್ರೋಟನ್ ಗಿಡ ಹೋದವು, ಹೋಗಲಿ.

ತುಳಸಿಗೆ ನೀರೆರೆಯಲು ಹೊರಡುವ ದಿನ ಗೇಟಿಗೆ ಹೂಮಾಲೆ ಕಟ್ಟಬೇಕೆಂದರು ಅತ್ತೆ. ಗೇಟು ಹತ್ತಡಿ ಅಗಲ, ನಡುವೆ ಮಾಲೆ ಎರಡಡಿ ಜೋಲಬೇಕು. ಎಷ್ಟು ಮೊಳ? ಎರಡು ತುದಿ ಕಟ್ಟಿ ಇಳಿಬಿಟ್ಟ ಸರಪಳಿಯ ಬಾಗು ಯಾವುದೆಂಬ ಒಗಟನ್ನು 1691ರಲ್ಲಿ ಹೈಗನ್ಸ್, ಲೈಬ್ನಿಟ್ಸ್, ಯೋಹಾನ್ ಬರ್ನೂಲಿ ಬಿಡಿಸಿದ್ದರು. ಇಂದು ಅದಕ್ಕೆ ಹೈಪರ್ಬೋಲಿಕ್ ಫಂಕ್ಷನ್‌ಗಳಿವೆ. ಹೆಸರು ದೊಡ್ಡದು, ಕೆಲಸ ಸುಲಭ. ಒಂದು ಅಂದಾಜು ಅಂಕಿ ಇಟ್ಟುಕೊಳ್ಳಿ. ಅರ್ಧ ಅಗಲವಾದ 5ನ್ನು ಅದರಿಂದ ಭಾಗಿಸಿ, ಕಾಸ್-ಎಚ್ ತೆಗೆದು, ಒಂದು ಕಳೆದು, ಅದೇ ಅಂಕಿಯಿಂದ ಗುಣಿಸಿದರೆ ಜೋಲು. ಜೋಲು ಎರಡಡಿ ಬರುವವರೆಗೆ ಅಂಕಿಯನ್ನು ಏರಿಸಿ ಇಳಿಸಿದೆ, 6.56ಕ್ಕೆ ನಿಂತಿತು. ಅದರ ಇಮ್ಮಡಿಯನ್ನು ಸಿನ್-ಎಚ್‌ನಿಂದ ಗುಣಿಸಿದರೆ ಉದ್ದ 11 ಅಡಿ. ಎರಡಡಿ ಜೋಲಿಗೆ ಒಂದೇ ಅಡಿ ಹೆಚ್ಚು! ಗಂಟಿಗೆ ಇನ್ನೊಂದಡಿ ಸೇರಿಸಿ ಎಂಟು ಮೊಳ ಸಾಕು.

ಹೂವಿನವಳು ಎಂಟು ಮೊಳ ಅಳೆದಳು. ತುಳಸಿಯ ಮುಂದೆ ಕುಳಿತ ಅತ್ತೆಯವರನ್ನು ಕಂಡು, ಮೇಲೊಂದು ಗೇಣು ಕೊಸರು ಹಾಕಿದಳು. ಅದಕ್ಕೆ ಮಾತ್ರ ಎಕ್ಸೆಲ್‌ನಲ್ಲಿ ಫಂಕ್ಷನ್ ಇಲ್ಲ.